ಸಿಸ್ಟಮ್ ಹೇಳ್ತು ಅಂದ್ರೆ ಹೇಳಿದ್ದು ಯಾರು?

ಎಲ್ರಿಗೂ ನಮಸ್ಕಾರ. ಪತ್ರಿಕೋದ್ಯಮ ಮತ್ತೆ ಎಐ ಅಂದ ಕೂಡ್ಲೇ ಎಲ್ರೂ ಕೇಳೋದು, ರಿಪೋರ್ಟರ್‌ಗಳ ಕೆಲಸ ಹೋಗತ್ತಾ ಅಂತ. ಅದೂ ದೊಡ್ಡ ಪ್ರಶ್ನೆನೇ, ಆದ್ರೆ ನನ್ನನ್ನ ಜಾಸ್ತಿ ಕಾಡ್ತಿರೋದು ಬೇರೆ. ಒಬ್ಬ ಅಧಿಕಾರಿ ತಪ್ಪು ಮಾಡಿದ್ರೆ ಅವರ ಮುಂದೆ ಮೈಕ್ ಹಿಡಿದು ಯಾಕ್ ಹೀಗ್ ಮಾಡಿದ್ರಿ ಅಂತ ಕೇಳಬಹುದು, ಅದೇ ತೀರ್ಮಾನ ಸಾಫ್ಟ್‌ವೇರ್ ಮಾಡಿದ್ರೆ ಯಾರನ್ನ ಕೇಳೋದು?

ನೆದರ್‌ಲ್ಯಾಂಡ್ಸ್‌ನಲ್ಲಿ ಏನಾಯ್ತು ನೋಡಿ. ಮಕ್ಕಳನ್ನ ಡೇ ಕೇರ್‌ಗೆ ಬಿಡೋ ಪೋಷಕರಿಗೆ ಅಲ್ಲಿ ಸರ್ಕಾರ ದುಡ್ಡು ಕೊಡತ್ತೆ. ಅದರಲ್ಲಿ ಮೋಸ ಮಾಡೋರನ್ನ ಹಿಡಿಯೋಕೆ ಅಂತ ಟ್ಯಾಕ್ಸ್ ಇಲಾಖೆ ಒಂದು ರಿಸ್ಕ್ ಮಾಡೆಲ್, ಅಂದ್ರೆ ಯಾವ ಅರ್ಜಿ ಮೇಲೆ ಎಷ್ಟು ಅನುಮಾನ ಪಡಬೇಕು ಅಂತ ಸ್ಕೋರ್ ಕೊಡೋ ಸಾಫ್ಟ್‌ವೇರ್ ಇಟ್ಕೊಂಡಿತ್ತು, ಅರ್ಜಿ ಹಾಕಿದವರು ಡಚ್ ಪ್ರಜೆಯೋ ಅಲ್ವೋ ಅನ್ನೋದನ್ನೂ ಅದು ಲೆಕ್ಕಕ್ಕೆ ತಗೋತಿತ್ತು. ಸ್ಕೋರ್ ಜಾಸ್ತಿ ಬಂದ ಫೈಲ್ ಒಬ್ಬ ನೌಕರರ ಟೇಬಲ್‌ಗೆ ಹೋಗೋದು, ಆದ್ರೆ ಈ ಸ್ಕೋರ್ ಯಾಕ್ ಬಂತು ಅಂತ ಅವರಿಗೂ ಗೊತ್ತಾಗ್ತಿರ್ಲಿಲ್ಲ. ಎಲ್ಲೋ ಒಂದು ಸಹಿ ಬಿಟ್ಟುಹೋಗಿದ್ರೂ ಕೊಟ್ಟ ಹಣ ಪೂರ್ತಿ ವಾಪಸ್ ಕಟ್ಟಿ ಅಂತ ನೋಟಿಸ್, ಕೆಲವರಿಗೆ ಹತ್ತಾರು ಸಾವಿರ ಯೂರೋ. ಸಾಲ ಆಯ್ತು, ಮನೆ ಹೋಯ್ತು, ಸಂಸಾರ ಒಡೀತು. ನಮ್ಮ ಫೈಲ್ ತೋರ್ಸಿ ಅಂತ ಬೆನ್ನು ಹತ್ತಿದ ಪೋಷಕರ ಕೈಗೆ ಕೊನೆಗೆ ಬಂದಿದ್ದು ಸಾಲು ಸಾಲು ಕಪ್ಪು ಮಸಿ ಬಳಿದ ಹಾಳೆಗಳು.

ಟ್ರೌ ಪತ್ರಿಕೆ ಮತ್ತೆ ಆರ್‌ಟಿಎಲ್ ಚಾನೆಲ್‌ನ ವರದಿಗಾರರು ಇದನ್ನ ಬಿಡದೇ ಬರೆದ್ರು, ಸಂಸತ್ತಿನಲ್ಲೂ ಕೆಲವರು ಪಟ್ಟು ಹಿಡಿದ್ರು, ಕೊನೆಗೆ 2021ರ ಜನವರಿಯಲ್ಲಿ ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಸರ್ಕಾರನೇ ರಾಜೀನಾಮೆ ಕೊಡ್ತು. ತಪ್ಪೆಲ್ಲ ಅಲ್ಗಾರಿದಮ್‌ದು ಅಂದ್ರೆ ಅನ್ಯಾಯ ಆಗತ್ತೆ, ಕಾನೂನೇ ಕಠಿಣವಾಗಿತ್ತು, ಅಧಿಕಾರಿಗಳೂ ಕೋರ್ಟುಗಳೂ ಜನರ ಮಾತು ಕೇಳ್ಲಿಲ್ಲ. ಆದ್ರೆ ಮಷೀನ್ ಕೊಟ್ಟ ಸ್ಕೋರ್ ಇದ್ದಿದ್ರಿಂದ ಆ ಅನುಮಾನಕ್ಕೆ ಒಂದು ಲೆಕ್ಕಾಚಾರದ ವೇಷ ಬಂತು, ಅದೇ ಅಪಾಯ.

ಹಾಗಾದ್ರೆ ಇಂಥದ್ದನ್ನ ರಿಪೋರ್ಟರ್ ಹೇಗೆ ಪರೀಕ್ಷೆ ಮಾಡೋದು, ಕೋಡ್ ಅಂತೂ ಕಂಪನಿಯವರು ತೋರ್ಸಲ್ಲ. ಅಮೆರಿಕದ ತನಿಖಾ ಸುದ್ದಿ ಸಂಸ್ಥೆ ಪ್ರೊಪಬ್ಲಿಕಾ 2016ರಲ್ಲಿ ಇದಕ್ಕೆ ದಾರಿ ತೋರಿಸ್ತು. ಆರೋಪಿ ಮತ್ತೆ ಅಪರಾಧ ಮಾಡಬಹುದಾ ಅಂತ ಅಂದಾಜು ಹಾಕೋ ಕಾಂಪಾಸ್ ಅನ್ನೋ ಸಾಫ್ಟ್‌ವೇರನ್ನ ಅಲ್ಲಿನ ಕೋರ್ಟುಗಳು ಬಳಸ್ತಿದ್ವು. ಫ್ಲಾರಿಡಾದ ಒಂದು ಕೌಂಟಿಯಲ್ಲಿ ಬಂಧನಕ್ಕೊಳಗಾದ 7,000ಕ್ಕೂ ಹೆಚ್ಚು ಜನರ ಸ್ಕೋರ್‌ಗಳನ್ನ ಸಾರ್ವಜನಿಕ ದಾಖಲೆ ಅಂತ ಕೇಳಿ ಪಡೆದು, ಮುಂದಿನ 2 ವರ್ಷದಲ್ಲಿ ಅವರ ಮೇಲೆ ನಿಜವಾಗ್ಲೂ ಹೊಸ ಕೇಸ್ ಬಿತ್ತಾ ಅಂತ ಒಂದೊಂದಾಗಿ ತಾಳೆ ನೋಡಿದ್ರು. ಮುಂದೆ ಯಾವ ಅಪರಾಧನೂ ಮಾಡದೇ ಇದ್ದವರಲ್ಲಿ, ಕಪ್ಪು ಜನರಿಗೆ ಹೈ ರಿಸ್ಕ್ ಅನ್ನೋ ಹಣೆಪಟ್ಟಿ ಬಿದ್ದಿದ್ದು ಬಿಳಿಯರಿಗಿಂತ ಹತ್ತಿರಹತ್ತಿರ ಎರಡು ಪಟ್ಟು. ಕಂಪನಿ ಒಪ್ಲಿಲ್ಲ, ತಜ್ಞರು ಇನ್ನೂ ವಾದ ಮಾಡ್ತಿದ್ದಾರೆ, ಮಾಡ್ಲಿ, ಆ ವಾದ ಬಯಲಿಗೆ ಬಂತಲ್ಲ ಅದು ದೊಡ್ಡದು.

ಈಗ ನಮ್ಮ ಮನೆ, ಅಂದ್ರೆ ಸುದ್ದಿಮನೆ ಕಡೆ ತಿರುಗೋಣ. 2024ರ ಡಿಸೆಂಬರ್‌ನಲ್ಲಿ ಆಪಲ್ ಫೋನ್‌ಗಳ ಎಐ ಸುದ್ದಿ ಸಾರಾಂಶ, ಬಿಬಿಸಿ ಹೆಸರಲ್ಲೇ, ಕೊಲೆ ಆರೋಪಿಯೊಬ್ಬ ತನಗೆ ತಾನೇ ಗುಂಡು ಹಾರಿಸ್ಕೊಂಡ ಅಂತ ಜನರಿಗೆ ತಲುಪಿಸ್ತು. ಬಿಬಿಸಿ ಅದನ್ನ ಬರೆದೇ ಇರ್ಲಿಲ್ಲ. ದೂರು ಹೋದ ಮೇಲೆ ಮುಂದಿನ ತಿಂಗಳು ಆಪಲ್ ಸುದ್ದಿ ಆ್ಯಪ್‌ಗಳಿಗೆ ಆ ಫೀಚರ್ ನಿಲ್ಲಿಸ್ತು. 2025ರಲ್ಲಿ ಬಿಬಿಸಿ ಮತ್ತೆ ಯುರೋಪಿನ ಸಾರ್ವಜನಿಕ ಪ್ರಸಾರಕರ ಒಕ್ಕೂಟ 18 ದೇಶಗಳಲ್ಲಿ ಎಐ ಅಸಿಸ್ಟೆಂಟ್‌ಗಳನ್ನ ಸುದ್ದಿ ಬಗ್ಗೆ ಕೇಳಿ ನೋಡಿದಾಗ, 45% ಉತ್ತರಗಳಲ್ಲಿ ಕನಿಷ್ಠ ಒಂದು ಗಂಭೀರ ದೋಷ ಇತ್ತು.

ಎಐ ಬೇಡ್ವೇ ಬೇಡ ಅಂತ ನಾನು ಹೇಳ್ತಿಲ್ಲ. ವಿದೇಶಿ ಕಂಪನಿಗಳಲ್ಲಿ ಹಣ ಬಚ್ಚಿಟ್ಟವರ ಗುಟ್ಟು ಬಯಲು ಮಾಡಿದ ಪನಾಮಾ ಪೇಪರ್ಸ್‌ನ 1 ಕೋಟಿ 15 ಲಕ್ಷ ದಾಖಲೆಗಳನ್ನ ಕಂಪ್ಯೂಟರ್ ಸಹಾಯ ಇಲ್ದೇ ಯಾರು ಜಾಲಾಡೋಕಾಗ್ತಿತ್ತು. ಆದ್ರೆ ಅಲ್ಲಿ ಮಷೀನ್ ಹುಡುಕ್ತು, ಪರಿಶೀಲಿಸಿ ಬರೆದೋರು ಹೆಸರು ಹಾಕ್ಕೊಂಡ ಪತ್ರಕರ್ತರು, ತಪ್ಪಾದ್ರೆ ಬೈಸ್ಕೊಳ್ಳೋಕೂ ಅವರೇ ಇದ್ರು. ಸುದ್ದಿಮನೆಗಳು ಎಐ ಬಳಸ್ಲಿ, ಆದ್ರೆ ಆ ಸುದ್ದಿ ಕೆಳಗೆ ಪರಿಶೀಲಿಸಿದವರ ಹೆಸರು ಇರ್ಲಿ, ತಪ್ಪಾದಾಗ ತಿದ್ದುಪಡಿ ಮೊದಲ ಸುದ್ದಿಯಷ್ಟೇ ಎದ್ದು ಕಾಣ್ಲಿ. ಇಲಾಖೆಗಳನ್ನ ಪ್ರಶ್ನೆ ಮಾಡೋರು ಸಿಸ್ಟಮ್ ಹಾಗೆ ಮಾಡ್ತು ಅಂತ ತಾವೇ ಹೇಳಿಬಿಟ್ರೆ, ಆ ಡಚ್ ಪೋಷಕರಂಥವರು ಹೋಗೋದು ಎಲ್ಲಿಗೆ?

ನಿಮ್ಮ ಪ್ರಶ್ನೆಗಳು ಏನಿದ್ರೂ ಈಗ ಕೇಳಿ.