ಯಜಮಾನರೇ, ನೀವು ಕೊನೆಗೆ ಮಾತನಾಡಿ

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ. ಹೊರಗೆ ಬಿಸಿಲು ಕಾದಿದೆ, ಒಳಗೆ ನನ್ನ ತಲೆ ಕಾದಿದೆ. ಕಾರಣ, ಹೋದ ಸಂಚಿಕೆಗೆ ಬಂದ ಒಂದು ಕಮೆಂಟು: "ಸಭೆಯಲ್ಲಿ ನಾಯಕ ಮೊದಲು ಮಾತನಾಡದಿದ್ದರೆ ಹುಡುಗರು ದಾರಿ ತಪ್ಪುತ್ತಾರೆ. ದಂಡಿನ ಮುಂದೆ ನಡೆಯುವವನೇ ದಂಡನಾಯಕ."

ಸ್ವಾಮಿ, ನೀವು ದಂಡು ಕಟ್ಟಿಕೊಂಡು ಹೊರಟಿಲ್ಲ. ನಾಲ್ಕು ಜನ ಕಲಾವಿದರನ್ನು ಕೂರಿಸಿಕೊಂಡು ತೊಗರಿಬೇಳೆ ಪೊಟ್ಟಣಕ್ಕೆ ಹೊಸ ರೂಪ ಹುಡುಕುತ್ತಿದ್ದೀರಿ, ಅಷ್ಟೇ.

ಅಂಥದ್ದೇ ಒಂದು ಸಭೆಯಲ್ಲಿ ಈಚೆಗೆ ನಾನೂ ಕುಳಿತಿದ್ದೆ. ಯಜಮಾನರು ಕುರ್ಚಿ ಎಳೆದುಕೊಂಡವರೇ, "ಹಸಿರು ಬಣ್ಣ, ನಡುವೆ ರೈತನ ಚಿತ್ರ. ಈಗ ನೀವೆಲ್ಲ ಮುಕ್ತವಾಗಿ ಹೇಳಿ" ಎಂದರು. ಮುಕ್ತವಾಗಿ! ಮೂಲೆಯಲ್ಲಿದ್ದ ಹುಡುಗಿಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಬಿಡಿಸಿದ ಪೊಟ್ಟಣವೊಂದಿತ್ತು. ಬಿರಿದ ತೊಗರಿಕಾಯಿಯ ಆಕಾರದ ಕಿಂಡಿ, ಅದರೊಳಗಿಂದ ಬೇಳೆ ಕಾಣಬೇಕು. ಅವಳು ಮೆಲ್ಲನೆ ಆ ಚಿತ್ರದ ಮೇಲೆ ಅಂಗೈ ಇಟ್ಟಳು. "ಹಸಿರೇ ಚೆನ್ನಾಗಿರುತ್ತದೆ ಸರ್" ಎಂದು ಎಲ್ಲರೂ ತಲೆಯಾಡಿಸಿದರು. ನಮ್ಮ ಕಲಬುರಗಿ ತೊಗರಿಗೆ 2019ರಲ್ಲೇ ಭೌಗೋಳಿಕ ಸೂಚಿಕೆ (ಜಿಐ), ಅಂದರೆ ಈ ನೆಲದ್ದೇ ಬೆಳೆ ಎಂಬ ಅಧಿಕೃತ ಗುರುತು, ಸಿಕ್ಕಿದೆ. ಪೊಟ್ಟಣದ ಮೇಲೆ ಮಾತ್ರ ಅದೇ ರೈತ, ಅದೇ ನಗು.

ಅದಕ್ಕೇ ಹೇಳುತ್ತೇನೆ, ಯಜಮಾನ ಕೊನೆಗೆ ಮಾತನಾಡಬೇಕು.

ಇದು ನನ್ನ ಹುಚ್ಚಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಮಾಡಿದ. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದು ಎಂದು ಕೇಳಿದ. ಮಗುವೂ ಹೇಳಬಹುದು. ಆದರೆ ಮೊದಲು ಉತ್ತರಿಸುವವರೆಲ್ಲ ಅವನದೇ ಜನ, ಬೇಕೆಂದೇ ತಪ್ಪು ಹೇಳುವವರು. ಅವರ ನಂತರ ಬಾಯಿ ತೆರೆದ ಅಮಾಯಕರ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆ ತಪ್ಪನ್ನೇ ಹಿಂಬಾಲಿಸಿತು. ಅಲ್ಲಿದ್ದವರು ಅಪರಿಚಿತರು. ನಿಮ್ಮ ಸಭೆಯಲ್ಲಿ ಮೊದಲು ಉತ್ತರ ಹೇಳುವವನ ಕೈಯಲ್ಲಿ ಸಂಬಳದ ಚೀಟಿ ಇದೆ!

ಅಮೆರಿಕ ಬೇಡವೇ? ಬಸವಕಲ್ಯಾಣಕ್ಕೆ ಬನ್ನಿ, ನಮ್ಮ ಪಕ್ಕದ ಬೀದರ್ ಜಿಲ್ಲೆ. ಹನ್ನೆರಡನೇ ಶತಮಾನದ ಅನುಭವ ಮಂಟಪಕ್ಕೆ ಜನರನ್ನು ಕೂಡಿಸಿದವನು ಬಸವಣ್ಣ, ಬಿಜ್ಜಳನ ಭಂಡಾರಿ. ಅಧಿಕಾರವೂ ಅವನದು, ಹೆಸರೂ ಅವನದು. ಪೀಠದಲ್ಲಿ ಕುಳಿತವನು ಯಾರು? ಅಲ್ಲಮಪ್ರಭು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಿದೇವ ಅಂಜದೆ ಮಾತನಾಡಿದ್ದು ಸುಮ್ಮನೆ ಅಲ್ಲ. ಭಂಡಾರಿಯೇ ಪೀಠ ಬಿಟ್ಟುಕೊಟ್ಟಿದ್ದ. 2021ರ ಜನವರಿಯಲ್ಲಿ ಅಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. ಮಂಟಪ ಕಟ್ಟಬಹುದು ಬಿಡಿ; ಕುರ್ಚಿ ಬಿಟ್ಟುಕೊಡುವವರನ್ನು ಎಲ್ಲಿಂದ ತರುವುದು? (ಅಲ್ಲಿ ಚಿತ್ರೀಕರಿಸಿದ ನನ್ನ ಹಳೆಯ ಸಂಚಿಕೆಯನ್ನು ನೋಡಿಲ್ಲವೆಂದರೆ ಈಗಲೇ ನೋಡಿ. ಡ್ರೋನ್ ಬಾಡಿಗೆ ಇನ್ನೂ ಬಾಕಿ ಇದೆ.)

"ಸ್ಟೀವ್ ಜಾಬ್ಸ್ ಯಾರ ಮಾತು ಕೇಳುತ್ತಿದ್ದ?" ಎನ್ನುತ್ತಾರೆ ಒಬ್ಬರು. ಕೇಳಿದ್ದ, ಸ್ವಾಮಿ! 2007ರಲ್ಲಿ ಐಫೋನ್ ಬಂದಾಗ ಹೊರಗಿನವರ ಆ್ಯಪ್‌ಗಳು ಬೇಡವೆಂದು ಹಟ ಹಿಡಿದಿದ್ದವನು ಅವನೇ. ಸುತ್ತಲಿನವರು ಬಿಡದೆ ವಾದಿಸಿದರು, 2008ರಲ್ಲಿ ಆ್ಯಪ್ ಸ್ಟೋರ್ ತೆರೆಯಿತು. ಜಾಬ್ಸ್‌ನೇ ಬಗ್ಗಿದ. ನಿಮ್ಮದೇನು ಅವನಿಗಿಂತ ದೊಡ್ಡ ಕುರ್ಚಿಯೇ?

"ಎಲ್ಲರ ಮಾತು ಕೇಳುತ್ತಾ ಕುಳಿತರೆ ಹೊತ್ತು ಹೋಗುತ್ತದೆ" ಎಂಬುದು ಇನ್ನೊಬ್ಬರ ಗೋಳು. ನಿಮ್ಮ ಮುನ್ನುಡಿಗೆ ಹೋಗುವ ಹೊತ್ತು ಯಾವ ಲೆಕ್ಕಕ್ಕೆ? ಹೊಸದು ಹುಡುಕಬೇಕೆಂದು ಗೋಡೆಗೆ ಭಿತ್ತಿಪತ್ರ ಅಂಟಿಸುತ್ತೀರಿ, ಬೆಂಗಳೂರಿನಿಂದ ತರಬೇತುದಾರರನ್ನು ಕರೆಸುತ್ತೀರಿ, ಬಣ್ಣಬಣ್ಣದ ಚೀಟಿ ಹಂಚುತ್ತೀರಿ. ಏನೂ ಬೇಡ! ಬಾಯಿ ಮುಚ್ಚಿಕೊಳ್ಳಿ, ಸಾಕು. ಕೊನೆಗೆ ಮಾತನಾಡಿ. ಏಕೆ ಎಂದರೆ? ಏಕೆಂದರೆ ನಾನು ಹೇಳುತ್ತಿದ್ದೇನೆ. ಹತ್ತು ಸಲ ಹೇಳುತ್ತೇನೆ, ಕೊನೆಗೆ, ಕೊನೆಗೆ, ಕೊನೆಗೆ!

ಹಾಂ, ಕ್ಯಾಮೆರಾ ಹಿಡಿದ ನಮ್ಮ ಹುಡುಗ ಆಗಿನಿಂದ ಕೈ ಎತ್ತುತ್ತಿದ್ದಾನೆ. ತಾಳಪ್ಪ, ಮೊದಲು ನನ್ನ ಮಾತು ಮುಗಿಯಲಿ. ವಾಹಿನಿಗೆ ಚಂದಾದಾರರಾಗಿ, ಗಂಟೆಯ ಗುರುತು ಒತ್ತಿ. ಮುಂದಿನ ಸಂಚಿಕೆಯ ವಿಷಯ ನಾನಾಗಲೇ ತೀರ್ಮಾನಿಸಿದ್ದೇನೆ. ಏನಪ್ಪಾ ಅದು ನಿನ್ನದು? ಮೈಕ್ ಚಾಲೂ ಇಲ್ಲವೇ?