5:30ರ ಮ್ಯಾಚಿಗೆ 11ಕ್ಕೇ ಹೊರಟೆವು

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡುತ್ತಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ನಮ್ಮ ಮನೆ ಬಾಗಿಲು. ನವೆಂಬರ್ ತಿಂಗಳ ಶನಿವಾರ, ಬೆಳಿಗ್ಗೆ ಹತ್ತೂ ಮುಕ್ಕಾಲು. ಎರಡು ಸ್ವೆಟರ್, ಅದರ ಮೇಲೊಂದು ಜಾಕೆಟ್, ತಲೆಗೆ ಮಂಕಿ ಕ್ಯಾಪ್ ಹಾಕಿಕೊಂಡು ನಿಂತಿದ್ದಾರಲ್ಲ, ಅವರು ನಮ್ಮಪ್ಪ. ಎಚ್‌ಎಎಲ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಒಂದು ಕಾಲದಲ್ಲಿ ಕ್ವಾರ್ಟರ್ಸ್ ಹುಡುಗರ ಫುಟ್‌ಬಾಲ್ ಟೀಮಿಗೆ ಲೆಫ್ಟ್ ಬ್ಯಾಕ್, ಅಂದರೆ ಹಿಂದೆ ಎಡಗಡೆ ಕಾಯುವ ಆಟಗಾರ. ಇವತ್ತು ಅವರನ್ನು ಮ್ಯಾಂಚೆಸ್ಟರ್‌ನ ಓಲ್ಡ್ ಟ್ರ್ಯಾಫರ್ಡ್ ಸ್ಟೇಡಿಯಂಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಮ್ಯಾಚ್.

ಮ್ಯಾಚ್ ಇರುವುದು ಸಂಜೆ ಐದೂವರೆಗೆ. "ಈಗ್ಲೇ ಯಾಕೆ ಪುಟ್ಟಿ, ಒಂದು ಗಂಟೆ ದಾರಿ ಅಂದೆಯಲ್ಲ" ಅಂತ ಅಪ್ಪ ಕೇಳಿದರು. ಈ ವಿಡಿಯೋ ಪೂರ್ತಿ ಅದಕ್ಕೇ ಉತ್ತರ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮ್ಯಾಚ್ ಕ್ಲಿಪ್ ಇದರಲ್ಲಿ ಇಲ್ಲ. ಹಾಕಿದರೆ ವಿಡಿಯೋನೇ ಎತ್ತಿಬಿಡುತ್ತಾರೆ. ಹೇಗೆ ಹೋದೆವು, ಕಾರು ಎಲ್ಲಿ ನಿಲ್ಲಿಸಿದೆವು, ಎಲ್ಲಿ ಕೂತೆವು, ಹೇಗೆ ವಾಪಸ್ ಬಂದೆವು, ಇಷ್ಟೇ.

ಈ ಮ್ಯಾಚ್ ಮೊದಲು ಮೂರು ಗಂಟೆಗೆ ಇತ್ತು. ಆಮೇಲೆ ಟಿವಿಯವರಿಗಾಗಿ ಐದೂವರೆಗೆ ಹೋಯಿತು. ಇಲ್ಲಿ ಇದು ಮಾಮೂಲು. ಅದಕ್ಕೇ ಟೈಮ್ ಪಕ್ಕಾ ಆಗುವವರೆಗೆ ಅಗ್ಗದ ಅಡ್ವಾನ್ಸ್ ರೈಲು ಟಿಕೆಟ್ ತಗೋಬೇಡಿ. ಆ ಟಿಕೆಟ್ ಅದೇ ರೈಲಿಗೆ ಮಾತ್ರ. ಇನ್ನೊಂದು ತಮಾಷೆ ಗೊತ್ತಾ? ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 2:45ರಿಂದ 5:15ರ ತನಕ ಟಿವಿಯಲ್ಲಿ ಫುಟ್‌ಬಾಲ್ ಲೈವ್ ತೋರಿಸುವ ಹಾಗಿಲ್ಲ. ಜನ ಮನೆಯಲ್ಲೇ ಕೂತುಬಿಟ್ಟರೆ ಸಣ್ಣಪುಟ್ಟ ಕ್ಲಬ್‌ಗಳ ಮೈದಾನ ಖಾಲಿ ಹೊಡೆಯುತ್ತದೆ ಅಂತ ಹಳೇ ಕಾಲದಿಂದ ಬಂದ ನಿಯಮ. ಹಾಗಾಗಿ ಮೂರು ಗಂಟೆ ಮ್ಯಾಚನ್ನು ಹುಬ್ಬಳ್ಳಿಯಲ್ಲಿರುವ ನನ್ನ ಕಸಿನ್ ಮೊಬೈಲ್‌ನಲ್ಲಿ ಲೈವ್ ನೋಡುತ್ತಾನೆ, ಪಕ್ಕದ ಊರಲ್ಲಿರುವ ನಾನು ಅವನಿಗೆ ಮೆಸೇಜ್ ಮಾಡಿ ಸ್ಕೋರ್ ಕೇಳುತ್ತೇನೆ.

ಸರಿ, ಹೊರಟೆವು. ಅಪ್ಪನ ಕೆಂಪು ಸ್ಕಾರ್ಫ್ ಜಾಕೆಟ್ ಒಳಗೇ ಇರಲಿ ಅಂದೆ. ಲೀಡ್ಸ್ ಬೀದಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸ್ಕಾರ್ಫ್ ಹಾಕುವುದು, ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಗ್ಯಾಲರಿ ಮಧ್ಯ ಹಳದಿ ಜರ್ಸಿ ಹಾಕಿಕೊಂಡು ಕೂತ ಹಾಗೆ. ಯಾರೂ ಹೊಡೆಯಲ್ಲ. ಆದರೆ ಕೇಳಬಾರದ್ದನ್ನೆಲ್ಲ ಕೇಳಬೇಕಾಗುತ್ತದೆ.

ಎಂ62 ರಸ್ತೆ. ಲೀಡ್ಸ್‌ನಿಂದ ಪಶ್ಚಿಮಕ್ಕೆ ಪೆನ್ನೈನ್ ಬೆಟ್ಟ ಹತ್ತಿ ಇಳಿಯುತ್ತದೆ. ಇಂಗ್ಲೆಂಡಿನ ಮೋಟರ್‌ವೇಗಳಲ್ಲೇ ಅತಿ ಎತ್ತರದ ಜಾಗ ಈ ದಾರಿಯಲ್ಲಿದೆ, 372 ಮೀಟರ್. ನಾನು ಜಂಬದಿಂದ ಹೇಳಿದೆ. ಅಪ್ಪ ಕಿಟಕಿಯಿಂದ ಹೊರಗೆ ನೋಡುತ್ತಾ, "ನಮ್ಮ ಬೆಂಗಳೂರು 900 ಮೀಟರ್ ಮೇಲಿದೆ" ಅಂದರು. ಮುಗೀತು.

ಅದಕ್ಕೆ ಸ್ವಲ್ಪ ಮೊದಲು ಇದು ನೋಡಿ, ಬಲಗಡೆ. ಹೋಗುವ ರಸ್ತೆ ಈ ಕಡೆ, ಬರುವ ರಸ್ತೆ ಆ ಕಡೆ, ನಡುವೆ ಒಂದು ಕಲ್ಲಿನ ಮನೆ, ಹೊಲ, ಕುರಿ. ಸ್ಟಾಟ್ ಹಾಲ್ ಫಾರ್ಮ್ ಅಂತ. ಅಪ್ಪ ಎದ್ದು ಕೂತರು. "ಯಾರೋ ರೈತ ಜಮೀನು ಬಿಟ್ಟುಕೊಡಲಿಲ್ಲ ಅಂತ ಕಾಣುತ್ತೆ. ಶಭಾಷ್!" ಅಂದರು. ಇಲ್ಲಿನವರೂ ಅದೇ ಕತೆ ಹೇಳುತ್ತಾರೆ. ನಿಜ ಅಂದರೆ ಅಲ್ಲಿನ ಇಳಿಜಾರು ಮತ್ತು ನೆಲದ ಗುಣ ನೋಡಿ ಎಂಜಿನಿಯರ್‌ಗಳೇ ಎರಡು ರಸ್ತೆಯನ್ನು ಬೇರೆ ಬೇರೆ ಎತ್ತರದಲ್ಲಿ ಮಾಡಿದ್ದು. ಮನೆ ನಡುವೆ ಉಳಿಯಿತು. ಹೇಳಿದೆ. ಅಪ್ಪನಿಗೆ ತಮ್ಮ ಕತೆಯೇ ಇಷ್ಟ ಆಯಿತು.

ಈಗ ಪಾರ್ಕಿಂಗ್. ಇದರಲ್ಲಿ ನನ್ನದೊಂದು ನೋವಿನ ಕತೆ ಇದೆ. ಮೊದಲ ಸಲ ಬಂದಾಗ ಸ್ಟೇಡಿಯಂಗೆ ಐದು ನಿಮಿಷ ದೂರದಲ್ಲೇ ಕಾರು ನಿಲ್ಲಿಸಿದ್ದೆ. ಯಾವುದೋ ಖಾಸಗಿ ಜಾಗ. ಹೊಳೆಯುವ ಜಾಕೆಟ್ ಹಾಕಿಕೊಂಡ ಒಬ್ಬ 20 ಪೌಂಡ್ ಕ್ಯಾಶ್ ಇಸಿದುಕೊಂಡು "ಇಲ್ಲೇ ಬಿಡಿ" ಅಂದ. ನಾನು ಏನು ಜಾಣೆ ಅಂತ ನನಗೇ ಖುಷಿ. ಮ್ಯಾಚ್ ಮುಗಿಸಿ ಬಂದರೆ ನನ್ನ ಕಾರಿನ ಮುಂದೆ ಒಂದು ಸಾಲು ಕಾರು, ಅದರ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು. ಜಾತ್ರೆಯಲ್ಲಿ ಗಾಡಿ ಕಟ್ಟಿದ ಹಾಗೆ. ಮುಂದಿನವರು ಪಬ್‌ನಿಂದ ಬರುವ ತನಕ ನಾನು ಅಲುಗುವ ಹಾಗಿಲ್ಲ. ಒಂದೂವರೆ ಗಂಟೆ ಕೂತೆ. ಕೂತು ಕೂತು ಒಂದು ಪಾಠ ಬಾಯಿಪಾಠ ಆಯಿತು: ಹೋಗುವುದನ್ನಲ್ಲ, ಬರುವುದನ್ನು ಮೊದಲು ಪ್ಲ್ಯಾನ್ ಮಾಡಬೇಕು.

ಹೋಗುವಾಗ ಜನ ಬೆಳಿಗ್ಗೆಯಿಂದ ಒಬ್ಬೊಬ್ಬರಾಗಿ ಬರುತ್ತಾರೆ. ಬಿಡುವಾಗ ಸುಮಾರು 74 ಸಾವಿರ ಜನ ಒಂದೇ ಸಲ ಹೊರಗೆ ಬೀಳುತ್ತಾರೆ. ನಮ್ಮ ಕಂಠೀರವ ಸ್ಟೇಡಿಯಂ ಮೂರು ಸಲ ತುಂಬಿ ಒಟ್ಟಿಗೆ ಖಾಲಿ ಆದರೆ ಹೇಗೆ, ಹಾಗೆ. ಸುತ್ತಲಿನ ಮನೆಗಳ ಬೀದಿಯಲ್ಲಿ ಸುಮ್ನೆ ನಿಲ್ಲಿಸೋಣ ಅಂದರೆ, ಮ್ಯಾಚ್ ದಿನ ಅಲ್ಲಿ ಪರ್ಮಿಟ್ ಇರುವವರಿಗೆ ಮಾತ್ರ ಅಂತ ಬೋರ್ಡು ಇರುತ್ತದೆ. ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆ, ದಂಡ ಹಾಕಿದರೆ 14 ದಿನದೊಳಗೆ ಕಟ್ಟಿದವರಿಗೆ ಅರ್ಧ ಬಿಡುತ್ತಾರೆ. ಅರ್ಧವೂ ಕಮ್ಮಿ ಏನಲ್ಲ.

ಹಾಗಾಗಿ ನಾನು ನಿಲ್ಲಿಸುವುದು ಲೇಡಿವೆಲ್‌ನಲ್ಲಿ. ಎಕ್ಲ್ಸ್ ಕಡೆ ಇರುವ ಟ್ರಾಮ್ ಸ್ಟಾಪ್. ಎಂ602 ಪಕ್ಕದಲ್ಲೇ ಪಾರ್ಕ್ ಅಂಡ್ ರೈಡ್ ಜಾಗ ಇದೆ, ಟ್ರಾಮ್ ಹತ್ತುವವರಿಗೆ ಪಾರ್ಕಿಂಗ್ ಫ್ರೀ. ಫ್ರೀ ಅಂದರೆ ಗೊತ್ತಲ್ಲ, ಬೇಗ ತುಂಬುತ್ತದೆ. ಹನ್ನೊಂದಕ್ಕೆ ಹೊರಟಿದ್ದು ಇದಕ್ಕೇ. ಹನ್ನೆರಡೂ ಕಾಲಿಗೆ ತಲುಪಿದಾಗ ಮೂಲೆಯಲ್ಲಿ ಇನ್ನೂ ಜಾಗ ಇತ್ತು. ಕಾರನ್ನು ರಿವರ್ಸ್‌ನಲ್ಲಿ, ಮೂತಿ ಹೊರಗೆ ಇರುವ ಹಾಗೆ ನಿಲ್ಲಿಸಿದೆ. ಸಣ್ಣ ವಿಷಯ, ಆದರೆ ರಾತ್ರಿ ಕೈ ಹಿಡಿಯುತ್ತದೆ.

ಊಟ ಡಿಕ್ಕಿಯಲ್ಲೇ. ಚಿತ್ರಾನ್ನ, ಮೊಸರನ್ನ, ಫ್ಲಾಸ್ಕ್‌ನಲ್ಲಿ ಕಾಫಿ. ಅಪ್ಪ ತಟ್ಟೆ ಹಿಡಿದು ಡಿಕ್ಕಿ ಅಂಚಿನಲ್ಲಿ ಕೂತಿದ್ದಾರೆ. ಪಕ್ಕದ ಕಾರಿನವರು ಸ್ಯಾಂಡ್‌ವಿಚ್ ತಿನ್ನುತ್ತಾ ಈ ಕಡೆಯೇ ನೋಡುತ್ತಿದ್ದಾರೆ. ಒಗ್ಗರಣೆ ಶೇಂಗಾ ಘಮಕ್ಕೆ ಇರಬೇಕು. ಅಪ್ಪನ ರೆಕ್ಸಿನ್ ಬ್ಯಾಗ್ ಕಾರಲ್ಲೇ ಬಿಡಿಸಿದೆ. ಸ್ಟೇಡಿಯಂ ಒಳಗೆ ದೊಡ್ಡ ಬ್ಯಾಗ್ ಬಿಡಲ್ಲ. ಚಕ್ಕುಲಿ ಮಾತ್ರ ಜಾಕೆಟ್ ಜೇಬಿಗೆ ಹೋಯಿತು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಟ್ರಾಮ್ ಹತ್ತುವಾಗ ಹಳದಿ ಯಂತ್ರಕ್ಕೆ ಕಾರ್ಡ್ ಮುಟ್ಟಿಸಬೇಕು, ಇಳಿದ ಮೇಲೂ ಮುಟ್ಟಿಸಬೇಕು. ಊರಿಂದ ಬಂದವರ ಜೊತೆ ಹೋಗುವವರು ಕೇಳಿಸಿಕೊಳ್ಳಿ: ಒಂದು ಕಾರ್ಡಿನಲ್ಲಿ ಇಬ್ಬರು ಹೋಗುವ ಹಾಗಿಲ್ಲ. ನನ್ನ ಫೋನು ನನಗೆ, ನನ್ನ ಬ್ಯಾಂಕ್ ಕಾರ್ಡು ಅಪ್ಪನಿಗೆ. ಅಪ್ಪ ಪ್ರತಿ ಸಲವೂ ಮುಟ್ಟಿಸಿ, ಆ ಯಂತ್ರಕ್ಕೆ ಒಂದು ಸಣ್ಣ ನಮಸ್ಕಾರದ ಹಾಗೆ ತಲೆ ಆಡಿಸುತ್ತಿದ್ದರು.

ಇಲ್ಲಿಂದ ಸ್ಟೇಡಿಯಂ ಹತ್ತಿರದ ಸ್ಟಾಪು ಎಕ್ಸ್‌ಚೇಂಜ್ ಕೀ. ಆದರೆ ನಾವು ಅಲ್ಲಿ ಇಳಿಯಲಿಲ್ಲ. ಮುಂದೆ ಹೋಗಿ ಊರೊಳಗೆ ಡೀನ್ಸ್‌ಗೇಟ್ ಕ್ಯಾಸಲ್‌ಫೀಲ್ಡ್‌ನಲ್ಲಿ ಇಳಿದೆವು. ಕಾರಣ, ಪಬ್. ಸ್ಟೇಡಿಯಂ ಪಕ್ಕದ ಚೆಸ್ಟರ್ ರೋಡಿನಲ್ಲಿ ಬಿಷಪ್ ಬ್ಲೇಜ್, ಟ್ರ್ಯಾಫರ್ಡ್ ಅಂತ ಹೆಸರಾದ ಪಬ್‌ಗಳಿವೆ. ಹಾಡು, ಕೂಗು, ಕಾಲಿಡಲು ಜಾಗ ಇಲ್ಲದಷ್ಟು ಜನ. ಒಂದು ಸಲ ನೋಡಲೇಬೇಕು. ಆದರೆ ಮೊಣಕಾಲು ನೋವಿರುವ ಅಪ್ಪನ ಜೊತೆ ಅಲ್ಲ. ಇನ್ನೊಂದು ವಿಷಯ, ಎದುರು ಟೀಮಿನ ಬಣ್ಣ ಹಾಕಿದವರನ್ನು ಇಂಥ ಕಡೆ ಬಿಡುವುದಿಲ್ಲ. ನೀವು ಬೇರೆ ಟೀಮಿನ ಫ್ಯಾನ್ ಆಗಿದ್ದರೆ ಊರೊಳಗೇ ಕೂರುವುದು ವಾಸಿ.

ಇದು ಪೆವೆರಿಲ್ ಆಫ್ ದಿ ಪೀಕ್. ಗೋಡೆ ಪೂರ್ತಿ ಹಸಿರು ಟೈಲ್ಸ್, ತ್ರಿಕೋನದ ಹಾಗಿರುವ ಪುಟ್ಟ ಕಟ್ಟಡ. ಸುತ್ತ ದೊಡ್ಡ ದೊಡ್ಡ ಬಿಲ್ಡಿಂಗ್ ಎದ್ದಿವೆ, ಇದು ಮಾತ್ರ ಒಂಟಿಯಾಗಿ ಕೂತಿದೆ. ತೆರೆಯುವ ಸಮಯ ಮೊದಲೇ ನೋಡಿಕೊಂಡು ಹೋಗಿ. ಅಪ್ಪ ಬಾಗಿಲಲ್ಲಿ ನಿಂತುಬಿಟ್ಟರು. ನನಗೂ ಅರ್ಥ ಆಯಿತು. ಮೂವತ್ತು ದಾಟಿದ ಮಗಳ ಜೊತೆ ಅಪ್ಪ ಬಾರಿಗೆ ಹೋಗುವುದು ನಮ್ಮ ಮನೆಯಲ್ಲಿ ಇದೇ ಮೊದಲು. "ಇಲ್ಲಿ ಟೀ ಸಿಗುತ್ತಾ ಕೇಳು" ಅಂದರು.

ಪಬ್‌ನಲ್ಲಿ ಟೇಬಲ್ಲಿಗೆ ಬಂದು ಯಾರೂ ಕೇಳುವುದಿಲ್ಲ. ನಾವೇ ಕೌಂಟರ್‌ಗೆ ಹೋಗಿ ಹೇಳಬೇಕು, ಆಗಲೇ ದುಡ್ಡು ಕೊಡಬೇಕು. ಕೌಂಟರ್ ಮುಂದೆ ಸಾಲು ಅಂತ ಕಾಣುವುದಿಲ್ಲ, ಆದರೆ ಯಾರ ನಂತರ ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ನಾನು ಗಾಡಿ ಓಡಿಸುವವಳು, ನನಗೆ ಲೈಮ್ ಸೋಡಾ. ಇಂಗ್ಲೆಂಡಿನಲ್ಲಿ 100 ಮಿಲಿ ರಕ್ತದಲ್ಲಿ 80 ಮಿಲಿಗ್ರಾಂ ಆಲ್ಕೋಹಾಲ್ ತನಕ ಕಾನೂನು ಸುಮ್ಮನಿರುತ್ತದೆ, ನಮ್ಮಲ್ಲಿ 30. ಹಾಗಂತ ಕತ್ತಲಲ್ಲಿ ಎಂ62 ಬೆಟ್ಟ ಇಳಿಯುವವರು ಲೆಕ್ಕ ಹಾಕಿಕೊಂಡು ಕುಡಿಯುವುದು ಬೇಡ. ಅಪ್ಪನ ಮುಂದೆ ಕೇಳದೆಯೇ ಒಂದು ಹಾಫ್ ಪೈಂಟ್ ಬಿಯರ್ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಕ್ಯಾಮೆರಾ ನೋಡಿದರು. "ಇದನ್ನ ಅಮ್ಮನಿಗೆ ಕಳಿಸಬೇಡ" ಅಂದರು. ಅಮ್ಮಾ, ಇಷ್ಟು ಹೊತ್ತಿಗೆ ನೋಡಿರ್ತೀಯ. ಸಾರಿ.

ಈ ಪಬ್‌ಗೆ ಬಂದ ನಿಜವಾದ ಕಾರಣ ಈಗ ಬಂತು ನೋಡಿ. ಒಳಗೆ ಹಳೇ ಟೇಬಲ್ ಫುಟ್‌ಬಾಲ್ ಇದೆ. ಕಂಬಿಗೆ ಸಿಕ್ಕಿಸಿದ ಗೊಂಬೆ ಆಟಗಾರರು, ಬಣ್ಣ ಎದ್ದುಹೋದ ಹಿಡಿಗಳು. ಇಬ್ಬರು ಹುಡುಗರು ಆಡುತ್ತಿದ್ದರು. ಅಪ್ಪ ಪಕ್ಕ ನಿಂತು ಐದು ನಿಮಿಷ ನೋಡಿದರು. ಆಮೇಲೆ ಮಂಕಿ ಕ್ಯಾಪ್ ತೆಗೆದು ನನ್ನ ಕೈಗೆ ಕೊಟ್ಟರು. ಹಿಂದಿನ ಕಂಬಿ ಎರಡೂ ಅವರ ಕೈಯಲ್ಲಿ, ಮುಂದಿನದು ನನ್ನದು. ನಾನು ಒಂದೂ ಗೋಲು ಹೊಡೆಯಲಿಲ್ಲ. ಹೊಡೆದದ್ದೆಲ್ಲ ಲೆಫ್ಟ್ ಬ್ಯಾಕ್ ಹಿಂದಿನಿಂದಲೇ. ಸೋತ ಹುಡುಗರು ಅಪ್ಪನಿಗೆ ಇನ್ನೊಂದು ಹಾಫ್ ಕೊಡಿಸಲು ಬಂದರು, ಅಪ್ಪ ಜೇಬಿನಿಂದ ಚಕ್ಕುಲಿ ತೆಗೆದು ಅವರಿಗೇ ಕೊಟ್ಟರು.

ಮೂರೂ ಕಾಲಿಗೆ ಎದ್ದೆವು. ಇಲ್ಲಿ ಒಂದು ಎಚ್ಚರಿಕೆ. ಟ್ರಾಮ್‌ನಲ್ಲಿ ಓಲ್ಡ್ ಟ್ರ್ಯಾಫರ್ಡ್ ಅಂತ ಒಂದು ಸ್ಟಾಪ್ ಇದೆ. ಅದು ಕ್ರಿಕೆಟ್ ಸ್ಟೇಡಿಯಂ ಪಕ್ಕ. ಫುಟ್‌ಬಾಲ್‌ಗೆ ಹತ್ತಿರ ಬೇಕು ಅಂದರೆ ವಾರ್ಫ್‌ಸೈಡ್ ಅಥವಾ ಎಕ್ಸ್‌ಚೇಂಜ್ ಕೀ. ನಾನು ವಾರ್ಫ್‌ಸೈಡ್‌ಗೆ ಅಂತಲೇ ಪ್ಲ್ಯಾನ್ ಮಾಡಿದ್ದೆ. ಅಪ್ಪ ಮ್ಯಾಪ್ ನೋಡಿ, "ಕ್ರಿಕೆಟ್ ಗ್ರೌಂಡ್ ಅಂದ್ರೆ, ನಮ್ಮ ಕುಂಬ್ಳೆ ಮೊದಲ ಟೆಸ್ಟ್ ಆಡಿದ್ದು ಇದೇ ಅಲ್ವಾ?" ಅಂದರು. ಹೌದು, 1990ರ ಆಗಸ್ಟ್. ತೆಂಡೂಲ್ಕರ್ ಮೊದಲ ಸೆಂಚುರಿ ಹೊಡೆದದ್ದೂ ಅದೇ ಮ್ಯಾಚಿನಲ್ಲಿ. ಪ್ಲ್ಯಾನ್ ಬದಲಾಯಿತು. ಅಲ್ಲೇ ಇಳಿದೆವು.

ಗೇಟ್ ಮುಚ್ಚಿತ್ತು. ಅಪ್ಪ ಕಂಬಿ ಹಿಡಿದು ನಿಂತು ಒಂದೇ ಉಸಿರಿಗೆ ಹೇಳಿದರು: "ಇಲ್ಲೇ 1956ರಲ್ಲಿ ಜಿಮ್ ಲೇಕರ್ ಒಂದೇ ಇನಿಂಗ್ಸ್‌ನಲ್ಲಿ ಹತ್ತು ವಿಕೆಟ್ ತೆಗೆದಿದ್ದು. ಆಮೇಲೆ ಟೆಸ್ಟ್‌ನಲ್ಲಿ ಅದನ್ನು ಮಾಡಿದವನು 1999ರಲ್ಲಿ ನಮ್ಮ ಹುಡುಗ, ದೆಲ್ಲಿಯಲ್ಲಿ." ಫುಟ್‌ಬಾಲ್ ನೋಡಲು ಬಂದವರು ಅರ್ಧ ಗಂಟೆ ಕ್ರಿಕೆಟ್ ಗೇಟಿನ ಮುಂದೆ. ಹೊತ್ತು ಮುಳುಗಲು ಶುರುವಾಗಿತ್ತು.

ಅಲ್ಲಿಂದ ಫುಟ್‌ಬಾಲ್ ಸ್ಟೇಡಿಯಂಗೆ ಹದಿನೈದು ನಿಮಿಷದ ನೇರ ನಡಿಗೆ. ಈರುಳ್ಳಿ ಹುರಿಯುವ ವಾಸನೆ, ಸ್ಕಾರ್ಫ್ ಮಾರುವವರ ಕೂಗು, ಪೊಲೀಸ್ ಕುದುರೆಗಳು. ಅಪ್ಪನ ಸ್ಕಾರ್ಫ್ ಈಗ ಹೊರಗೆ ಬಂತು. ಬ್ಲ್ಯಾಕ್‌ನಲ್ಲಿ ಟಿಕೆಟ್ ಬೇಕಾ ಅಂತ ಯಾರಾದರೂ ಪಿಸುಗುಟ್ಟಿದರೆ ಮುಂದೆ ನಡೆಯಿರಿ, ಇಲ್ಲಿ ಫುಟ್‌ಬಾಲ್ ಟಿಕೆಟ್ ಹಾಗೆ ಮಾರುವುದು ಅಪರಾಧ. ನಮ್ಮ ಟಿಕೆಟ್ ಫೋನಿನಲ್ಲೇ ಇತ್ತು. ಹಾಗಾಗಿ ಫೋನಿನ ಚಾರ್ಜೇ ಟಿಕೆಟ್, ಪವರ್ ಬ್ಯಾಂಕ್ ಇರಲಿ.

ಮೂಲೆಯಲ್ಲಿ ಮ್ಯೂನಿಕ್ ಗಡಿಯಾರ ಇದೆ. 1958ರ ಫೆಬ್ರುವರಿ 6, ಮ್ಯೂನಿಕ್‌ನಲ್ಲಿ ಆದ ವಿಮಾನ ಅಪಘಾತದಲ್ಲಿ 23 ಜನ ಹೋದರು, ಅವರಲ್ಲಿ ಎಂಟು ಮಂದಿ ಈ ಟೀಮಿನ ಆಟಗಾರರು. ಅಪ್ಪ ಮಂಕಿ ಕ್ಯಾಪ್ ಮತ್ತೆ ತೆಗೆದರು. ನಾನು ಕ್ಯಾಮೆರಾ ಆಫ್ ಮಾಡಿದೆ, ಅದಕ್ಕೇ ಇಲ್ಲಿ ವಿಡಿಯೋ ಕಟ್ ಆಗಿದೆ.

ಒಳಗಿನದು ಒಂದೇ ಮಾತು. ಬಿಯರ್ ಗ್ಲಾಸ್ ಹಿಡಿದು ಸೀಟಿಗೆ ಹೋಗುವ ಹಾಗಿಲ್ಲ. ಮೈದಾನ ಕಾಣುವ ಜಾಗದಲ್ಲಿ ಕುಡಿಯಬಾರದು ಅಂತ 1985ರಲ್ಲೇ ಕಾನೂನು ಬಂದಿದೆ. ಕುಡಿದು ತೂರಾಡುತ್ತಾ ಗೇಟ್ ದಾಟಲು ನೋಡುವುದೂ ತಪ್ಪೇ.

ಏಳೂವರೆ. ಮ್ಯಾಚ್ ಮುಗಿಯಿತು. ಎಲ್ಲರೂ ಓಡಿದರು, ನಾವು ಹತ್ತು ನಿಮಿಷ ಕೂತೇ ಇದ್ದೆವು. ಆಮೇಲೆ ಎಕ್ಸ್‌ಚೇಂಜ್ ಕೀ ಕಡೆ ನಡೆದೆವು. ಲೇಡಿವೆಲ್ ಯಾಕೆ ಅಂದರೆ, ನೋಡಿ. ಈ ಕಡೆ ಪ್ಲಾಟ್‌ಫಾರಂ, ಊರೊಳಗೆ ಹೋಗುವವರು, ರಸ್ತೆ ತನಕ ಕ್ಯೂ. ಆ ಕಡೆ ಪ್ಲಾಟ್‌ಫಾರಂ, ನಾವು ಹೋಗುವ ದಿಕ್ಕು, ಇಷ್ಟೇ ಜನ. ಎರಡನೇ ಟ್ರಾಮ್‌ನಲ್ಲೇ ಅಪ್ಪನಿಗೆ ಸೀಟ್ ಸಿಕ್ಕಿತು. ಎಂಟೂವರೆಗೆ ಕಾರು ಸ್ಟಾರ್ಟ್. ಮೂತಿ ಹೊರಗಿತ್ತು ಅಲ್ವಾ, ಸೀದಾ ಹೊರಟೆವು.

ಅಮ್ಮನ ಫೋನ್ ಬಂತು. ಬೆಂಗಳೂರಿನಲ್ಲಿ ರಾತ್ರಿ ಎರಡು ಗಂಟೆ. "ಟಿವೀಲಿ ಎಷ್ಟು ಹುಡುಕಿದೆ, ಇಬ್ಬರೂ ಕಾಣಲಿಲ್ಲ. ಊಟ ಏನು ಮಾಡಿದ್ರಿ?" ಅಪ್ಪ ಚಿತ್ರಾನ್ನದ ವಿಷಯ ವಿವರವಾಗಿ ಹೇಳಿದರು. ಬೇರೆ ಏನೂ ಹೇಳಲಿಲ್ಲ.

ಬೆಟ್ಟದ ಮೇಲೆ ಮಂಜು ಇತ್ತು, ನಿಧಾನ ಹೋದೆ. ಅಪ್ಪ ಮಲಗಿದ್ದಾರೆ ಅಂದುಕೊಂಡಿದ್ದೆ. ರಸ್ತೆ ಮಧ್ಯದ ಆ ಮನೆ ಹತ್ತಿರ ಬಂದಾಗ ಕಣ್ಣು ಬಿಟ್ಟು, ಗಾಜು ಒರೆಸಿ ನೋಡಿದರು.

"ಲೈಟ್ ಉರೀತಿದೆ ಪುಟ್ಟಿ. ಮನೇಲೇ ಇದ್ದಾರೆ."