ಹೊಸ ಹರಳು ಸಿಕ್ಕಿದ ಮೇಲೆ

ಎಲ್ಲರಿಗೂ ನಮಸ್ಕಾರ. ಹೊಸ ಚೌಕಟ್ಟು ಸಂಯುಕ್ತಗಳನ್ನು, ಅಂದರೆ ಲೋಹ ಮತ್ತು ಸಾವಯವ ಅಣುಗಳು ಜಾಲವಾಗಿ ಹೆಣೆದುಕೊಂಡ, ಒಳಗೆ ರಂಧ್ರಗಳಿರುವ ಹರಳುಗಳನ್ನು (ಎಂಒಎಫ್) ಮಾಡುವುದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅದರಲ್ಲೂ 2025ರ ರಸಾಯನಶಾಸ್ತ್ರದ ನೊಬೆಲ್ ಕಿಟಗಾವ, ರಾಬ್ಸನ್, ಯಾಘಿ ಮೂವರಿಗೆ ಇದೇ ಕೆಲಸಕ್ಕೆ ಬಂದ ಮೇಲೆ ಕೇಳುವುದೇ ಬೇಡ. ನಾನು ಹರಳು ಸಿಕ್ಕಿದ ನಂತರದ ಕಥೆ ಹೇಳುತ್ತೇನೆ. ಜಾಸ್ತಿ ಎಡವುವುದು ಅಲ್ಲೇ.

ತಯಾರಿ ಬಗ್ಗೆ ಎರಡು ಮಾತು ಸಾಕು. ಲೋಹದ ಲವಣ, ಸಾವಯವ ಆಮ್ಲ, ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ದ್ರಾವಕ. ಮುಚ್ಚಿ ಬಿಸಿ ಮಾಡಿದರೆ ಡಿಎಂಎಫ್ ನಿಧಾನವಾಗಿ ಒಡೆದು ಅಮೈನ್ ಎಂಬ ಕ್ಷಾರ ಬಿಡುತ್ತದೆ. ಅದು ಆಮ್ಲದ ಪ್ರೋಟಾನ್ ಕಿತ್ತುಕೊಳ್ಳುತ್ತದೆ. ಈ ನಿಧಾನವೇ ಮುಖ್ಯ. ಒಮ್ಮೆಗೇ ಆದರೆ ಸಿಗುವುದು ಪುಡಿ. ಜಿರ್ಕೋನಿಯಂ ಅಂತೂ ಆತುರದ ಲೋಹ. ಅದಕ್ಕೇ ಯುಐಒ-66 ತರಹದ ಜಿರ್ಕೋನಿಯಂ ಚೌಕಟ್ಟುಗಳಿಗೆ ಅಸಿಟಿಕ್ ಅಥವಾ ಬೆಂಜೋಯಿಕ್ ಆಮ್ಲ ಬೆರೆಸಿ ತಡೆಯುತ್ತೇವೆ. ತಪ್ಪಾಗಿ ಕೂತ ಬಂಧ ಬಿಚ್ಚಿ ಸರಿಯಾಗಿ ಕೂರಲು ಸಮಯ ಸಿಗುತ್ತದೆ.

ಸರಿ, ಹರಳು ಬಂತು. ಮೈಕ್ರೋಸ್ಕೋಪ್ ಕೆಳಗೆ ನೋಡಿ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಒಂದನ್ನು ಸೂಜಿಯಿಂದ ಆರಿಸುತ್ತೀರಿ. ಆರಿಸುವುದು ಯಾವುದನ್ನು? ಎಲ್ಲಕ್ಕಿಂತ ಚೆಂದದ್ದನ್ನು, ಅಲ್ವಾ? ಎಕ್ಸ್-ರೇ ಹೇಳುವುದು ಆ ಒಂದು ಹರಳಿನ ರಚನೆ. ಸೀಸೆಯಲ್ಲಿ ಉಳಿದದ್ದು ಅದೇನಾ ಅನ್ನುವುದು ಬೇರೆ ಪ್ರಶ್ನೆ.

ಉತ್ತರ ಪೌಡರ್ ಎಕ್ಸ್-ರೇಯಲ್ಲಿದೆ, ಅಂದರೆ ಸೀಸೆಯಲ್ಲಿ ಉಳಿದದ್ದನ್ನು ಪುಡಿಯಾಗಿ ಎಕ್ಸ್-ರೇಗೆ ಒಡ್ಡುವುದರಲ್ಲಿ. ಆ ಒಂದು ಹರಳಿನಲ್ಲಿ ಬಿಡಿಸಿದ ರಚನೆಯಿಂದ ಪೌಡರ್ ನಕ್ಷೆ (ಯಾವ ಕೋನದಲ್ಲಿ ಎಷ್ಟು ಎಕ್ಸ್-ರೇ ಚದುರುತ್ತದೆ ಅನ್ನುವ ಗೆರೆ) ಲೆಕ್ಕ ಹಾಕಿ, ಅಳೆದದ್ದರ ಪಕ್ಕ ಇಡಿ. ಪೀಕ್‌ಗಳು ಎಲ್ಲವೂ ಸ್ವಲ್ಪ ಸರಿದಿದ್ದರೆ ಗಾಬರಿ ಬೇಡ. ಹರಳನ್ನು ಸಾಮಾನ್ಯವಾಗಿ 100 ಕೆಲ್ವಿನ್ ಆಸುಪಾಸಿನಲ್ಲಿ ಅಳೆಯುತ್ತೇವೆ, ಪುಡಿಯನ್ನು ಕೋಣೆಯ ತಾಪದಲ್ಲಿ. ತಾಪ ಬದಲಾದರೆ ಹರಳಿನ ಅಳತೆಯೂ ತುಸು ಬದಲಾಗುತ್ತದೆ. ತಟ್ಟೆಯಂಥ ಹರಳುಗಳು ಮಲಗಿಬಿಟ್ಟು ಒಂದೆರಡು ಪೀಕ್ ವಿಪರೀತ ಎತ್ತರವಾದರೂ ಪರವಾಗಿಲ್ಲ. ಆದರೆ ಲೆಕ್ಕದಲ್ಲಿ ಇಲ್ಲದ ಒಂದು ಪುಟ್ಟ ಪೀಕ್ ಇದ್ದರೆ ಅದನ್ನು ಸುಮ್ನೆ ಬಿಡಬೇಡಿ. ಅಲ್ಲಿ ಇನ್ನೇನೋ ಇದೆ.

ಪೀಕ್ ಎಲ್ಲ ಹೊಂದಿದರೂ ಕೆಲಸ ಮುಗಿಯಲಿಲ್ಲ. ಹರಳಾಗದ ಕಸ ಚೂಪಾದ ಪೀಕ್ ಕೊಡುವುದಿಲ್ಲ, ಹಿನ್ನೆಲೆಯಲ್ಲೇ ಅಡಗಿರುತ್ತದೆ. ಅದನ್ನು ಹಿಡಿಯಲು 77 ಕೆಲ್ವಿನ್‌ನಲ್ಲಿ ನೈಟ್ರೋಜನ್ ಅನಿಲ ಎಷ್ಟು ಹೀರುತ್ತದೆ ನೋಡಬೇಕು. ಅದರಿಂದ ರಂಧ್ರಗಳ ಒಳ ಮೇಲ್ಮೈ ಎಷ್ಟು ಅಂತ ಲೆಕ್ಕ ಸಿಗುತ್ತದೆ; ಕಸ ಇದ್ದರೆ ಅದು ಕಡಿಮೆ ಬರುತ್ತದೆ. 1999ರಲ್ಲಿ ಬಂದ, ಸತುವಿನ ಚೌಕಟ್ಟಾದ ಎಂಒಎಫ್-5 ಇದಕ್ಕೆ ಒಳ್ಳೆಯ ಪಾಠ. ಬೇರೆ ಬೇರೆ ಲ್ಯಾಬ್‌ಗಳ ಮೇಲ್ಮೈ ಅಳತೆಗಳು ಒಂದಕ್ಕೊಂದು ತಾಳೆಯೇ ಆಗುತ್ತಿರಲಿಲ್ಲ. 2007ರಲ್ಲಿ ಗಾಳಿಯ ತೇವ ತಾಗದಂತೆ ಮಾಡಿ ಅಳೆದಾಗ ಗ್ರಾಂಗೆ ಸುಮಾರು 3800 ಚದರ ಮೀಟರ್ ಬಂತು. ಸೂತ್ರ ಅದೇ. ಆದರೆ ತೇವ ತಾಗಿದ್ದು, ರಂಧ್ರದಲ್ಲಿ ಸತುವಿನ ಕಸ ಉಳಿದದ್ದು, ಜಾಲದೊಳಗೆ ಇನ್ನೊಂದು ಜಾಲ ಹೆಣೆದುಕೊಂಡದ್ದು, ಎಲ್ಲವೂ ಅಳತೆಯನ್ನು ಇಳಿಸುತ್ತವೆ. ಅಂದಹಾಗೆ, ಡಿಎಂಎಫ್ 153 ಡಿಗ್ರಿಗೆ ಕುದಿಯುವ ದ್ರಾವಕ, ರಂಧ್ರ ಬಿಟ್ಟು ಸುಲಭಕ್ಕೆ ಹೊರಡುವುದಿಲ್ಲ. ಮೊದಲು ಕ್ಲೋರೋಫಾರ್ಮ್‌ನಂಥ, ಕಡಿಮೆ ತಾಪದಲ್ಲೇ ಕುದಿಯುವ ದ್ರಾವಕಕ್ಕೆ ಬದಲಿಸಿ, ಆಮೇಲೆ ನಿರ್ವಾತ ಹಾಕಿ.

ಒಂದು ಕೆಲಸ ಮಾತ್ರ ಎಲ್ಲಕ್ಕೂ ಮೊದಲು. ಪೂರ್ತಿ ಡೇಟಾ ತೆಗೆಯುವ ಮುಂಚೆ ಯೂನಿಟ್ ಸೆಲ್ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಘಟಕ) ಅಳೆದು, ಪ್ರಕಟವಾದ ಹರಳು ರಚನೆಗಳಿರುವ ಕೇಂಬ್ರಿಡ್ಜ್ ಡೇಟಾಬೇಸ್‌ನಲ್ಲಿ ಈಗಾಗಲೇ ಗೊತ್ತಿರುವುದೇನಾ ಅಂತ ಹುಡುಕಿ. ಒಡೆದ ಡಿಎಂಎಫ್ ಅಮೈನ್ ಜೊತೆ ಫಾರ್ಮೇಟನ್ನೂ (ಫಾರ್ಮಿಕ್ ಆಮ್ಲದ ಅಯಾನು) ಕೊಡುತ್ತದೆ. ನೀವು ಸಂಭ್ರಮಿಸುತ್ತಿರುವ ಹರಳು ಎಷ್ಟೋ ಸಲ ಬರೀ ಲೋಹದ ಫಾರ್ಮೇಟ್ ಆಗಿರುತ್ತದೆ, ಇಲ್ಲವೇ ನೀವೇ ಹಾಕಿದ ಆಮ್ಲ ಮತ್ತೆ ಹರಳುಗಟ್ಟಿರುತ್ತದೆ.